ನಡುಮನೆಯಲ್ಲೊಂದು ಕಿವಿ

ಅಮೆರಿಕಾ ದೇಶದ ಆರೆಗಾನ್ ಸಂಸ್ಥಾನದಲ್ಲಿ ಪೋರ್ಟ್‌ಲ್ಯಾಂಡ್ ಎಂಬ ನಗರವಿದೆ. ಅಲ್ಲಿಯ ಒಂದು ಮನೆಗೆ ಒಂದು ದಿನ ಟೆಲಿಫೋನು ಕರೆ ಬಂದಿತು. ಕರೆದವನು ಮನೆಯ ಯಜಮಾನನ ಕೈಕೆಳಗೆ ಕೆಲಸ ಮಾಡುತ್ತಿದ್ದಾತ. ಇದ್ದುದು ಸುಮಾರು 175 ಮೈಲಿ ದೂರದ ಸಿಯಾಟಲ್ ನಗರದಲ್ಲಿ. ಮನೆಯಲ್ಲಿರುವ ಅಲೆಕ್ಸಾ ಯಂತ್ರಗಳ ತಂತಿಯನ್ನೆಲ್ಲ ಈ ಕ್ಷಣವೇ ಕಿತ್ತುಬಿಡಿ, ಯಾರೋ ನಿಮ್ಮ ಮನೆಯ ಮಾತಿಗೆ ಕನ್ನ ಹಾಕಿದ್ದಾರೆ ಎಂದು ಆತ ಎಚ್ಚರಿಸಿದ.

ಮನೆಯಾಕೆ ಮೊದಲು ನಂಬಲಿಲ್ಲ. ಆದರೆ ಗಂಡಹೆಂಡಿರು ಮನೆಯ ಮರದ ನೆಲದ ವಿಷಯ ಮಾತನಾಡಿಕೊಂಡುದನ್ನು ಆತ ಹೇಳಿದಾಗ ಆಕೆಯ ಎದೆ ಝಲ್ಲೆಂದಿತು. ಆ ಮಾತು ನಡೆದುದು ಅವರ ಮನೆಯ ನಾಲ್ಕು ಗೋಡೆಗಳ ನಡುವೆ. ಅದರ ಧ್ವನಿಮುದ್ರಿಕೆ ಅವರಿಗೆ ತಿಳಿಯದಂತೆಯೇ ಸಿಯಾಟಲ್‌ನವನ ಫೋನನ್ನು ತಲುಪಿತ್ತು. ದಂಪತಿಗಳು ಕೋಣೆ ಕೋಣೆಗೂ ಹೋಗಿ ಯಂತ್ರಗಳನ್ನು ಕಿತ್ತರು. ಮನೆಯನ್ನು ಬೆಚ್ಚಗಿಡುವುದಕ್ಕೆ, ದೀಪ ಹಚ್ಚುವುದಕ್ಕೆ, ಕಾವಲಿಗೆ ಎಲ್ಲಕ್ಕೂ ಅವನ್ನೇ ನೆಚ್ಚಿಕೊಂಡಿದ್ದ ಸಂಸಾರವದು.

ಈ ಸುದ್ದಿ 2018ನೆಯ ಮೇ ತಿಂಗಳಲ್ಲಿ ಪ್ರಕಟವಾಗಿ ದೇಶದೇಶಗಳಲ್ಲಿ ಕೌತುಕವನ್ನೆಬ್ಬಿಸಿತು. ಯಂತ್ರವನ್ನು ತಯಾರಿಸಿದ ಅಮೆಜಾನ್ ಕಂಪೆನಿಯವರು ಕೊಟ್ಟ ವಿವರಣೆಯಂತೂ ಸೋಜಿಗದ್ದು. ದಂಪತಿಗಳ ಮಾತಿನಲ್ಲಿ ಯಾವುದೋ ಶಬ್ದ ತನ್ನ ಹೆಸರಿನಂತೆ ಕೇಳಿಸಿ ಯಂತ್ರ ಎಚ್ಚೆತ್ತಿತು. ಮುಂದಿನ ಮಾತು ಅದಕ್ಕೆ 'ಸಂದೇಶ ಕಳುಹಿಸು' ಎಂದು ಕೇಳಿಸಿತು. 'ಯಾರಿಗೆ?' ಎಂದು ಅದು ಗಟ್ಟಿಯಾಗಿಯೇ ಕೇಳಿತಂತೆ. ಆಗ ಆಡುತ್ತಿದ್ದ ಮಾತಿನಲ್ಲಿ ಪರಿಚಿತನೊಬ್ಬನ ಹೆಸರು ಕೇಳಿಸಿದಂತಾಯಿತು. 'ಅವರಿಗೇ ತಾನೆ?' ಎಂದು ಮತ್ತೊಮ್ಮೆ ಕೇಳಿದಾಗ 'ಹೌದು' ಎಂಬಂತೆ ಏನೋ ಕಿವಿಗೆ ಬಿತ್ತು. ಇಷ್ಟು ಸಾಕಾಯಿತು. ಒಂದರ ಮೇಲೊಂದರಂತೆ ನಾಲ್ಕು ಬಾರಿ ತಪ್ಪು ಕೇಳಿಸಿಕೊಂಡ ಕಿವುಡ ಸೇವಕನ ಕಥೆಯಿದು. ಹಾಸ್ಯ ನಾಟಕದಲ್ಲಾಗಿದ್ದರೆ ಜನ ಬಿದ್ದು ಬಿದ್ದು ನಗುತ್ತಿದ್ದರು.

ಎಲ್ಲರ ಗಮನವೂ ಯಂತ್ರದ ತಪ್ಪಿನ ಕಡೆಗೆ ಹೋಯಿತು. ಆದರೆ ಮನೆಯಾಕೆ ವರದಿಗಾರರಿಗೆ ಹೇಳಿದ ಇನ್ನೊಂದು ಸಂಗತಿ ಅದಕ್ಕಿಂತ ವಿಚಾರಾರ್ಹವಾದುದು. ಈ ಯಂತ್ರಗಳು ತಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿರಬೇಕೆಂದು ಗಂಡಹೆಂಡಿರು ಈ ಮೊದಲೇ ತಮಾಷೆ ಮಾಡಿಕೊಳ್ಳುತ್ತಿದ್ದರಂತೆ! ಅಂದರೆ ಸಂಶಯ ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು. ಅದನ್ನು ನಗೆಯಲ್ಲಿ ಮುಚ್ಚಿಟ್ಟು ಅವರು ನಿಶ್ಚಿಂತರಾಗಿ ನಿದ್ರಿಸುತ್ತಿದ್ದರು. ಇಂದು ಲೋಕದ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದೂ ಇದೇ.

ಹೆಸರು ಹಿಡಿದು ಕರೆದರೆ

ಮಾತನ್ನು ಕೇಳಿ ಮಾತಿನಲ್ಲೇ ಉತ್ತರಿಸುವ ಧ್ವನಿ ಸಹಾಯಕಗಳು ಜನಸಾಮಾನ್ಯರ ಕೈಗೆ ಮೊದಲು ಬಂದುದು ಫೋನಿನ ಮೂಲಕ. ಆಪಲ್ ಕಂಪೆನಿಯ ಸಿರಿ 2011ರಲ್ಲಿ ಹೊರಬಂದಿತು. ಆದರೆ ಫೋನು ಒಬ್ಬರ ಜೇಬಿನ ವಸ್ತು. ಮನೆಮಂದಿಯ ನಡುವೆ ಮೇಜಿನ ಮೇಲೆ ಕುಳಿತ ಮೊದಲ ಪ್ರಸಿದ್ಧ ಯಂತ್ರವೆಂದರೆ 2014ರ ನವೆಂಬರಿನಲ್ಲಿ ಅಮೆಜಾನ್ ಕಂಪೆನಿ ಮಾರಾಟಕ್ಕಿಟ್ಟ ಎಕೋ. ನೋಡಲು ಕಪ್ಪು ಬಣ್ಣದ ಡಬ್ಬಿ. ಅದರ ನೆತ್ತಿಯ ಮೇಲೆ ಏಳು ಮೈಕುಗಳು. ಕೋಣೆಯ ಯಾವ ಮೂಲೆಯಿಂದ ಕರೆದರೂ ಓಗೊಡುವ ಶಕ್ತಿ ಅದಕ್ಕೆ ಬಂದುದು ಇವುಗಳಿಂದ. ಎರಡು ವರ್ಷಗಳ ತರುವಾಯ ಗೂಗಲ್ ಕಂಪೆನಿಯದೂ ಬಂದಿತು.

ಈ ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆಯೆ? ತಯಾರಿಸಿದವರ ಉತ್ತರ, ಇಲ್ಲ ಎಂದು. ಅದರ ಸ್ಥಿತಿ ಬಾಗಿಲಲ್ಲಿ ತೂಕಡಿಸುತ್ತಿರುವ ಕಾವಲುಗಾರನಂತೆ. ಕಿವಿ ತೆರೆದಿದೆ, ಮನಸ್ಸು ಮಲಗಿದೆ. ಕೆಲವೇ ಕ್ಷಣಗಳ ಶಬ್ದವನ್ನು ಹಿಡಿದು, ಅದರಲ್ಲಿ ತನ್ನ ಹೆಸರಿದೆಯೇ ಎಂದು ನೋಡಿ, ಇಲ್ಲವಾದರೆ ಅಳಿಸಿ, ಮತ್ತೆ ಹಿಡಿಯುವುದು. ಹೆಸರು ಕೇಳಿಸಿದೊಡನೆ ದೀಪ ಬೆಳಗುತ್ತದೆ. ಅನಂತರದ ಮಾತು ಅಂತರ್ಜಾಲದ ಮೂಲಕ ಎಲ್ಲಿಯೋ ದೂರದಲ್ಲಿರುವ ಕಂಪೆನಿಯ ಕಂಪ್ಯೂಟರುಗಳಿಗೆ ಹೋಗುತ್ತದೆ. ಅರ್ಥ ಮಾಡಿಕೊಳ್ಳುವ ಕೆಲಸ ಹೆಚ್ಚಾಗಿ ನಡೆಯುವುದು ಅಲ್ಲಿ.

ಅಮೆರಿಕಾದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಯಂತ್ರಗಳ ಮುಂದೆ 125 ಗಂಟೆಗಳ ಕಾಲ ಟೆಲಿವಿಷನ್ ಕಥೆಗಳನ್ನು ಹಚ್ಚಿಟ್ಟರು. ಎಡೆಬಿಡದೆ ಮುದ್ರಿಸಿಕೊಳ್ಳುತ್ತಿವೆ ಎಂಬುದಕ್ಕೆ ಯಾವ ಸಾಕ್ಷ್ಯವೂ ಸಿಕ್ಕಲಿಲ್ಲ. ಆದರೆ ಯಾರೂ ಕರೆಯದಿದ್ದರೂ ಅವು ತಾವಾಗಿಯೇ ಎಚ್ಚರಗೊಳ್ಳುವುದುಂಟೆಂದು ತಿಳಿಯಿತು. ಅತಿ ಹೆಚ್ಚೆಂದರೆ ದಿನಕ್ಕೆ 19 ಬಾರಿ. ಜರ್ಮನಿಯ ಬೋಖುಮ್ ನಗರದ ಸಂಶೋಧಕರು 2020ರಲ್ಲಿ ಹೀಗೆ ಮೋಸಗೊಳಿಸುವ ಸಾವಿರಕ್ಕೂ ಹೆಚ್ಚು ಶಬ್ದಗಳನ್ನು ಪಟ್ಟಿ ಮಾಡಿದರು. 'ಎಲೆಕ್ಷನ್' ಎಂದರೆ ಅಲೆಕ್ಸಾ ಏಳುತ್ತಾಳೆ, 'ಓಕೆ ಕೂಲ್' ಎಂದರೆ ಗೂಗಲ್ ಏಳುತ್ತದೆ. ಚುನಾವಣೆಯ ಕಾಲದಲ್ಲಿ ಆ ಕಾವಲುಗಾರನಿಗೆ ನಿದ್ರೆಯೇ ಇರಲಾರದು!

ತನ್ನದಾದರೆ ಚಿಂತೆಯಿಲ್ಲ

ಯಂತ್ರದ ವಿಷಯ ಇಷ್ಟು ಸಾಕು. ಅದನ್ನು ಮನೆಗೆ ತಂದವರ ಮನಸ್ಸು ಯಂತ್ರಕ್ಕಿಂತ ಜಟಿಲವಾದುದು.

2018ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದವರು ಯಂತ್ರವನ್ನು ಇಟ್ಟುಕೊಂಡಿದ್ದ 17 ಮಂದಿಯನ್ನೂ, ಬೇಡವೆಂದ 17 ಮಂದಿಯನ್ನೂ ಕೂರಿಸಿಕೊಂಡು ಮಾತನಾಡಿಸಿದರು. ಸಂಖ್ಯೆ ಸಣ್ಣದು, ಆದರೆ ಅವರಾಡಿದ ಮಾತುಗಳ ಧಾಟಿ ಯಾವ ಊರಿನ ಪಡಸಾಲೆಯಲ್ಲಿಯೂ ಕೇಳಬಹುದಾದುದು. ಬೇಡವೆಂದವರು, ಇದರಿಂದ ಆಗಬೇಕಾದ ಪ್ರಯೋಜನವೇನೆಂದು ಕೇಳಿದರು, ಇಲ್ಲವೇ ಕಂಪೆನಿಗಳನ್ನು ನಂಬೆವೆಂದರು. ಇಟ್ಟುಕೊಂಡವರ ಸಮಾಧಾನಗಳು ಹಲವು ಬಗೆಯವು. ಮುಚ್ಚಿಡುವಂಥದು ತಮ್ಮಲ್ಲಿ ಏನೂ ಇಲ್ಲ. ತಮ್ಮಂಥ ಸಾಧಾರಣ ಮನುಷ್ಯರ ಮಾತು ಯಾರಿಗೆ ಬೇಕು? ಹೇಗೂ ಫೋನು ಎಲ್ಲವನ್ನೂ ತಿಳಿದುಕೊಂಡಿದೆ, ಇನ್ನೊಂದು ಯಂತ್ರ ಬಂದರೇನು? ಮಳೆಯಲ್ಲಿ ನೆನೆದವನಿಗೆ ಚಳಿಯೇನು ಎಂಬ ವೈರಾಗ್ಯ ಈ ಕೊನೆಯ ಮಾತಿನಲ್ಲಿದೆ.

ಇಂಥ ಹೆಚ್ಚಿನ ಯಂತ್ರಗಳ ಮೇಲೆ ಮೈಕನ್ನು ಮುಚ್ಚುವ ಗುಂಡಿಯುಂಟು. ಅದನ್ನು ಒತ್ತಿದರೆ ಅಲೆಕ್ಸಾ ಕೆಂಪು ದೀಪ ತೋರಿಸಿ ಕಿವುಡಾಗುತ್ತದೆ. ಆದರೆ ಅದನ್ನು ಬಳಸುವವರು ತೀರ ವಿರಳವೆಂದು ಸಂಶೋಧಕರು ಕಂಡರು. ಕಾರಣ ಸರಳವಾದುದೇ. ಎದ್ದು ಹೋಗುವ ಶ್ರಮ ತಪ್ಪಲೆಂದು ಕೊಂಡ ವಸ್ತುವಿನ ಬಾಯಿ ಮುಚ್ಚಿಸಲು ಎದ್ದು ಹೋಗಬೇಕು; ಮತ್ತೆ ಬೇಕಾದಾಗ ಇನ್ನೊಮ್ಮೆ ಏಳಬೇಕು. ಹಿಟ್ಟು ಕಲಸಿದ ಕೈಯಲ್ಲಿ ಅಡುಗೆಮನೆಯಿಂದಲೇ 'ಹತ್ತು ನಿಮಿಷಕ್ಕೆ ಗಂಟೆ ಬಾರಿಸು' ಎಂದು ಹೇಳುವ ಗೃಹಿಣಿ ಆ ಗುಂಡಿಗಾಗಿ ಕೈ ತೊಳೆದುಕೊಳ್ಳುವಳೆ?

ಮರುವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಯಂತ್ರವುಳ್ಳ 116 ಮಂದಿಗೆ ಪ್ರಶ್ನೆಗಳನ್ನು ಕೇಳಿ, ಅವರದೇ ಯಂತ್ರದಲ್ಲಿ ಉಳಿದಿದ್ದ ಹಳೆಯ ಮಾತಿನ ತುಣುಕುಗಳನ್ನು ಅವರಿಗೇ ಕೇಳಿಸಲಾಯಿತು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ತಮ್ಮ ಮಾತುಗಳು ಕಾಯಮ್ಮಾಗಿ ಉಳಿಯುತ್ತವೆಂಬುದೇ ತಿಳಿದಿರಲಿಲ್ಲ. ಅವನ್ನು ಹಿಂದೆ ತೆರೆದು ಕೇಳಿದ್ದವರು ನಾಲ್ಕರಲ್ಲೊಂದು ಪಾಲು. ಅಳಿಸಿದ್ದವರು ಬಹಳ ಕಡಿಮೆ.

ಆ ಅಧ್ಯಯನದ ಹೃದಯವಿರುವುದು ಬೇರೊಂದು ಕಡೆಯಲ್ಲಿ. ತಮ್ಮ ಸ್ವಂತ ಮಾತಿನ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳದ ಜನ, ಮಕ್ಕಳ ಧ್ವನಿ ಮತ್ತು ಮನೆಗೆ ಬಂದ ಅತಿಥಿಗಳ ಧ್ವನಿ ಎಂದೊಡನೆ ಬೇರೆಯೇ ಮನುಷ್ಯರಾದರು. ಅವು ಹಾಗೆ ಉಳಿಯಕೂಡದು ಎಂದರು. ಹವಾಮಾನ ಕೇಳಿದ ತನ್ನ ಮಾತು ಎಲ್ಲಿದ್ದರೆ ತನಗೇನು ಎನ್ನುವಾತನೇ, ಹಬ್ಬಕ್ಕೆ ಬಂದ ನಂಟನ ಮಾತು ಹಾಗೆ ಉಳಿದಿದ್ದರೆ ಮುಜುಗರಪಡುತ್ತಾನೆ. ಯಂತ್ರವನ್ನು ಕೊಂಡವನು ತನ್ನ ಪರವಾಗಿ ಒಪ್ಪಿಗೆ ಕೊಟ್ಟಿರಬಹುದು. ನಂಟನ ಪರವಾಗಿ ಕೊಡುವ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಹೆಂಡತಿಯ ಪರವಾಗಿ, ವೃದ್ಧ ತಂದೆಯ ಪರವಾಗಿ, ಪಾತ್ರೆ ತೊಳೆಯಲು ಬರುವಾಕೆಯ ಪರವಾಗಿ? ಯಂತ್ರದ ಖಾತೆ ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿರುತ್ತದೆ. ಆದರೆ ಮನೆಯಲ್ಲಿ ಮಾತನಾಡುವವರು ಹಲವರು. ಹಳೆಯ ಮಾತುಗಳ ಪಟ್ಟಿಯನ್ನು ತೆರೆದು, ತಾನಿಲ್ಲದಾಗ ಮಿಕ್ಕವರು ಏನು ಕೇಳಿದರೆಂದು ನೋಡುವ ಅನುಕೂಲವೂ ಆ ಒಬ್ಬನಿಗಿರುತ್ತದೆ. ಕಂಪೆನಿ ಕೇಳಿಸಿಕೊಳ್ಳುವುದೋ ಇಲ್ಲವೋ, ಮನೆಯೊಳಗೇ ಒಬ್ಬರು ಇನ್ನೊಬ್ಬರನ್ನು ಕೇಳಿಸಿಕೊಳ್ಳುವ ಹೊಸ ದಾರಿ ತೆರೆದಂತಾಯಿತು. ಇದನ್ನು ಕುರಿತು ಪತ್ರಿಕೆಗಳು ಬರೆದುದು ಕಡಿಮೆ. ಸಂಸಾರಗಳಲ್ಲಿ ವಿರಸ ಹುಟ್ಟಿಸಲು ಮಾತ್ರ ಇದೇ ಹೆಚ್ಚು ಸಮರ್ಥವಾದುದು.

ಗೋಡೆಯಾಚೆಯ ಮನುಷ್ಯರು

ದೂರದ ಕಂಪ್ಯೂಟರಿನಲ್ಲಿ ಯಂತ್ರವೇ ಯಂತ್ರದ ಮಾತನ್ನು ಕೇಳುತ್ತದೆ, ಮನುಷ್ಯರಾರೂ ಅಲ್ಲಿಲ್ಲ ಎಂಬುದು ಬಹುಜನರ ನಂಬಿಕೆಯಾಗಿತ್ತು. 2019ನೆಯ ಇಸವಿ ಆ ನಂಬಿಕೆಯನ್ನು ಮುರಿಯಿತು. ಯಂತ್ರಕ್ಕೆ ಭಾಷೆ ಕಲಿಸಲು ಸಾವಿರಾರು ನೌಕರರು ತುಣುಕುಗಳನ್ನು ಕೇಳಿ ಬರೆದುಕೊಳ್ಳುತ್ತಾರೆಂದು ಏಪ್ರಿಲಿನಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆ ಅಮೆಜಾನ್ ವಿಷಯವಾಗಿ ವರದಿ ಮಾಡಿತು. ಒಬ್ಬೊಬ್ಬ ನೌಕರ ಒಂದು ಪಾಳಿಯಲ್ಲಿ 1,000 ತುಣುಕುಗಳವರೆಗೆ ಕೇಳುವುದುಂಟಂತೆ. ಹಾಗೆ ಕೇಳಿದುದರಲ್ಲಿ ಸ್ನಾನ ಮಾಡುತ್ತ ಅಪಸ್ವರದಲ್ಲಿ ಹಾಡಿಕೊಳ್ಳುವ ಹೆಂಗಸಿದ್ದಳು. ಸಹಾಯಕ್ಕಾಗಿ ಚೀರುವ ಮಗುವಿತ್ತು. ಆ ನೌಕರರು ಬಾಸ್ಟನ್, ಕೋಸ್ಟರಿಕಾ, ರುಮೇನಿಯಾಗಳಲ್ಲಷ್ಟೇ ಅಲ್ಲ, ಭಾರತದಲ್ಲಿಯೂ ಇದ್ದರು. ಅಮೆರಿಕಾದ ಸ್ನಾನದ ಮನೆಯ ಹಾಡನ್ನು ಇಲ್ಲಿಯ ಯುವಕನೊಬ್ಬ ಬಸ್ಸಿಳಿದು ಬಂದು ಕುಳಿತು ಕೇಳಿರಬಹುದು ಎಂಬುದು ವಿಚಿತ್ರವಾದರೂ ಅಸಂಭವವಲ್ಲ.

ಜುಲೈಯಲ್ಲಿ ಬೆಲ್ಜಿಯಂ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯವರು ಗೂಗಲ್ ಯಂತ್ರದ ಸಾವಿರಕ್ಕೂ ಹೆಚ್ಚು ತುಣುಕುಗಳನ್ನು ಕೇಳಿದರು. ಅವುಗಳಲ್ಲಿ 153, ಯಂತ್ರವನ್ನು ಕರೆಯದಿದ್ದಾಗ ದಾಖಲಾದವು. ಅದೇ ತಿಂಗಳು ಲಂಡನ್ನಿನ ಗಾರ್ಡಿಯನ್ ಪತ್ರಿಕೆ, ಸಿರಿಯ ತುಣುಕುಗಳಲ್ಲಿ ವೈದ್ಯರು ಮತ್ತು ರೋಗಿಗಳ ಗುಟ್ಟಿನ ಮಾತುಗಳೂ ಗುತ್ತಿಗೆ ನೌಕರರ ಕಿವಿಗೆ ಬೀಳುತ್ತಿವೆ ಎಂದು ಪ್ರಕಟಿಸಿತು. ಆಪಲ್ ಕಂಪೆನಿ ಆಗಸ್ಟಿನಲ್ಲಿ ಆ ಪದ್ಧತಿಯನ್ನು ನಿಲ್ಲಿಸಿ ಕ್ಷಮೆ ಕೋರಿತು. ಮುಂದೆ, ಸಿರಿಯನ್ನು ಕುರಿತ ಮೊಕದ್ದಮೆಯೊಂದನ್ನು ಮುಗಿಸಲು ಒಂಬತ್ತೂವರೆ ಕೋಟಿ ಡಾಲರು ಕೊಡಲು ಅದು ಒಪ್ಪಿದ ಸುದ್ದಿ 2025ರ ಜನವರಿಯಲ್ಲಿ ಬಂದಿತು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಮಕ್ಕಳ ಧ್ವನಿಯ ಪ್ರಶ್ನೆಯೂ ಕಾನೂನಿನ ಮೆಟ್ಟಿಲೇರಿತು. ಮಕ್ಕಳ ಮಾತುಗಳನ್ನು ಮಿತಿಯಿಲ್ಲದ ಕಾಲ ಇಟ್ಟುಕೊಂಡಿತು, ತಂದೆತಾಯಿಗಳು ಅಳಿಸಲು ಹೇಳಿದರೂ ಪೂರ್ತಿಯಾಗಿ ಅಳಿಸಲಿಲ್ಲ ಎಂಬ ಆರೋಪದ ಮೇಲೆ 2023ರಲ್ಲಿ ಅಮೆರಿಕಾ ಸರ್ಕಾರ ಅಮೆಜಾನ್ ಕಂಪೆನಿಗೆ ಎರಡೂವರೆ ಕೋಟಿ ಡಾಲರು ದಂಡ ಹೊರಿಸಿತು. ಹಾಗಾದರೆ ಎಲ್ಲವೂ ಬಿಗಿಯಾಗುತ್ತ ಬಂತೆ? ಹಾಗೂ ಇಲ್ಲ. ಮಾತಿನ ಧ್ವನಿಯನ್ನು ಹೊರಗೆ ಕಳುಹಿಸದೆ ಯಂತ್ರದೊಳಗೇ ಸಂಸ್ಕರಿಸುವ ಒಂದು ಏರ್ಪಾಡು ಅಮೆರಿಕಾದ ಕೆಲವು ಎಕೋಗಳಲ್ಲಿತ್ತು. 2025ರ ಮಾರ್ಚಿ 28ರಂದು ಅದನ್ನು ತೆಗೆದುಹಾಕಲಾಯಿತು. ಯಂತ್ರ ಹೆಚ್ಚು ಜಾಣವಾಗಬೇಕಾದರೆ ಮಾತು ಹೊರಗೆ ಹೋಗಲೇಬೇಕೆಂಬುದು ಕೊಟ್ಟ ಕಾರಣ.

ಬೆಂಗಳೂರಿನ ಒಬ್ಬ ವೃದ್ಧರು

ಈ ಪ್ರಶ್ನೆ ಭಾರತಕ್ಕೆ ಬಂದ ಘಳಿಗೆ ವಿಶೇಷವಾದುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಬೆಂಗಳೂರಿನಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದವರು. ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ತೀರ್ಪಿನ ಹೆಸರಾಗಿ ಉಳಿದಿದೆ.

ಆ ತೀರ್ಪು ಬಂದು ಎರಡು ತಿಂಗಳು ತುಂಬುವ ಮೊದಲೇ ಎಕೋ ಯಂತ್ರ ಭಾರತದ ಮಾರುಕಟ್ಟೆಗೆ ಬಂದುದು ಕಾಕತಾಳೀಯ. ಮೊದಲು ಆಹ್ವಾನ ಪಡೆದವರಿಗೆ ಮಾತ್ರ, ಇಂಗ್ಲಿಷಿನಲ್ಲಿ. 2019ರಲ್ಲಿ ಅದು ಹಿಂದಿಯನ್ನೂ ಕಲಿಯಿತು. 2023ರ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಪಾಸಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರತಕ್ಕದ್ದೆಂದು ಗೊತ್ತಾಯಿತು. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕೆನ್ನುವ ಈ ಕಾಯಿದೆಯ ಕಣ್ಣಿರುವುದು ಕಂಪೆನಿಗಳ ಮೇಲೆ. ವ್ಯಕ್ತಿಯೊಬ್ಬ ತನ್ನ ಮನೆವಾರ್ತೆಗಾಗಿ ಮಾಡುವುದಕ್ಕೆ ಅದು ಕೈಹಾಕುವುದಿಲ್ಲ. ಅತ್ತೆ ಸೊಸೆಯರ ನಡುವೆ, ಯಜಮಾನ ಮತ್ತು ಮನೆಗೆಲಸದಾಕೆಯ ನಡುವೆ ಹುಟ್ಟುವ ಪ್ರಶ್ನೆಯನ್ನು ಆಯಾ ಮನೆಯವರೇ ತೀರ್ಮಾನಿಸಿಕೊಳ್ಳಬೇಕು.

ಇದಕ್ಕೆ ಕೆಲವು ಹಿರಿಯರು ನಕ್ಕುಬಿಡುವುದುಂಟು. ವಠಾರದಲ್ಲಿ ಬಾಳಿದವರಿಗೆ ಖಾಸಗಿತನವೆಲ್ಲಿಯದು ಎಂದು ಅವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಬೆಂಗಳೂರು ಮೈಸೂರುಗಳ ವಠಾರಗಳಲ್ಲಿ ಒಂದು ಗೋಡೆ ಎರಡು ಸಂಸಾರಗಳಿಗೆ ಸೇರಿದ್ದು. ಈ ಮನೆಯ ಒಗ್ಗರಣೆಯ ಘಾಟಿಗೆ ಆ ಮನೆಯವರು ಕೆಮ್ಮುತ್ತಿದ್ದರು. ಆ ಮನೆಯ ಗಂಡಹೆಂಡಿರ ಮುನಿಸು ಈ ಮನೆಯವರ ನಿದ್ದೆಗೆಡಿಸುತ್ತಿತ್ತು. ಯಾರ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ, ಯಾರಿಗೆ ತಿಂಗಳ ಕೊನೆಯಲ್ಲಿ ಕಾಫಿಪುಡಿ ಸಾಲ ಬೇಕಾಯಿತು, ಎಲ್ಲವೂ ನಲ್ಲಿಯ ಬಳಿ ಚರ್ಚೆಯಾಗುತ್ತಿದ್ದ ವಿಷಯಗಳೇ.

ಆದರೆ ಅಲ್ಲಿ ಕೇಳಿಸಿಕೊಂಡವರು ಯಾರೆಂಬುದು ಗೊತ್ತಿರುತ್ತಿತ್ತು. ಈ ಮನೆಯ ಗುಟ್ಟು ಆಕೆಗೆ ತಿಳಿದಿದ್ದರೆ ಆಕೆಯ ಮನೆಯದೂ ಇತ್ತ ತಿಳಿದಿರುತ್ತಿತ್ತು, ಲೆಕ್ಕ ಸರಿಹೋಗುತ್ತಿತ್ತು. ಮಾತು ಗುಟ್ಟಿನದಾದರೆ ದನಿ ತಗ್ಗಿಸಬಹುದಿತ್ತು, ಇಲ್ಲವೇ ಪಾರ್ಕಿನ ಕಡೆಗೆ ಒಂದು ಸುತ್ತು ಹೋಗಿಬರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕೇಳಿದವರು ಮರೆಯುತ್ತಿದ್ದರು. ಮರೆಯದಿದ್ದರೂ ಮರೆತಂತೆ ನಟಿಸುವ ಸೌಜನ್ಯ ಅವರಿಗಿತ್ತು. ಮೇಜಿನ ಮೇಲಿನ ಯಂತ್ರಕ್ಕೆ ನಟನೆ ಬಾರದು. ಯಾರಾದರೂ ಅಳಿಸದಿದ್ದರೆ, ಅಥವಾ ಅಳಿಸುವ ಗಡುವನ್ನು ಮೊದಲೇ ಗೊತ್ತುಮಾಡದಿದ್ದರೆ, ಮೂರು ವರ್ಷದ ಹಿಂದಿನ ಸಿಡುಕನ್ನೂ ಅದು ಅದೇ ದನಿಯಲ್ಲಿ ಒಪ್ಪಿಸಬಲ್ಲದು.

ಹಳೆಯ ತೊಟ್ಟಿಯ ಮನೆಗಳನ್ನು ಕಟ್ಟಿದವರಿಗೆ ಕಿವಿಗಳ ಲೆಕ್ಕಾಚಾರ ಚೆನ್ನಾಗಿ ತಿಳಿದಿತ್ತು. ಹೊತ್ತುಕೊಂಡು ಬಂದು ಮಾರುವವನು ಜಗಲಿಯವರೆಗೆ, ವ್ಯವಹಾರಕ್ಕೆ ಬಂದವನು ಪಡಸಾಲೆಯವರೆಗೆ, ನೆಂಟರಿಷ್ಟರು ನಡುಮನೆಯವರೆಗೆ. ಹೊಸಲು ಹೊಸಲಿಗೂ ಮಾತಿನ ದನಿ ಬದಲಾಗುತ್ತಿತ್ತು. ಜಗಲಿಯಲ್ಲಿ ಆಡುವ ಮಾತು ಬೇರೆ, ಅಡುಗೆಮನೆಯಲ್ಲಿ ಆಡುವುದು ಬೇರೆ. ಯಂತ್ರವಾದರೋ ಈ ಹೊಸಲುಗಳಲ್ಲಿ ಒಂದನ್ನೂ ದಾಟದೆ ಅಂಚೆಯ ಪೊಟ್ಟಣದಲ್ಲಿ ಬಂದು ನೇರವಾಗಿ ನಡುಮನೆಯಲ್ಲಿ ಕುಳಿತಿತು. ಹೆಣ್ಣಿನ ದನಿ, ಇಂಪಾದ ಮಾತು, ಮಕ್ಕಳಿಗೆ ಕಥೆ ಹೇಳುತ್ತದೆ, ಮುಂಜಾನೆ ಸುಪ್ರಭಾತ ಹಾಕುತ್ತದೆ. ಅದನ್ನು ಹೊರಗಿನವರೆಂದು ಎಣಿಸುವುದಾದರೂ ಹೇಗೆ? ಕಣ್ಣು ಮಂದವಾದ ಅಜ್ಜಿಗೆ ಗಂಟೆ ಎಷ್ಟೆಂದು ಬೇಸರಿಸದೆ ಹತ್ತು ಸಲ ಹೇಳುವುದು ಮನೆಯಲ್ಲಿ ಅದೊಂದೇ ಎಂದರೂ ಸಲ್ಲುತ್ತದೆ. ಕಿತ್ತುಹಾಕಿ ಎಂದು ಹೇಳುವುದು ಸುಲಭ. ಆ ಅಜ್ಜಿಯ ಮುಂದೆ ಹೇಳುವುದು ಅಷ್ಟು ಸುಲಭವಲ್ಲ.

ಆದುದರಿಂದ ವಿವೇಕವುಳ್ಳ ಮನೆಗಳಲ್ಲಿ ಅದಕ್ಕೂ ಒಂದು ಹೊಸಲನ್ನು ಗೊತ್ತುಮಾಡಿದ್ದಾರೆ. ಮಲಗುವ ಕೋಣೆಗೆ ಅದು ಬರಕೂಡದು. ಹಳೆಯ ಮಾತುಗಳು ಮೂರು ತಿಂಗಳಿಗೊಮ್ಮೆ ತಾವಾಗಿಯೇ ಅಳಿಯುವಂತೆ ಫೋನಿನಲ್ಲಿ ಒಮ್ಮೆ ಏರ್ಪಡಿಸಿದರೆ ಸಾಕು. ಹಣದ ಮಾತು, ಕಾಯಿಲೆಯ ಮಾತು, ಮದುವೆಯ ಮಾತು ಬಂದಾಗ ಕೆಂಪು ದೀಪ. ಇವು ದೊಡ್ಡ ಉಪಾಯಗಳಲ್ಲ. ಗೋಡೆಗೂ ಕಿವಿಯುಂಟು ಎನ್ನುತ್ತಿದ್ದ ಅಜ್ಜಿಯರಿಗೆ ಕಲಿಸಿಕೊಡಬೇಕಾದುವೂ ಅಲ್ಲ.

ಅತಿಥಿಯ ಪ್ರಶ್ನೆ ಮಾತ್ರ ಉಳಿಯುತ್ತದೆ. 2019ರ ಅಕ್ಟೋಬರಿನಲ್ಲಿ ಬಿಬಿಸಿಯವರು ಗೂಗಲ್ ಕಂಪೆನಿಯಲ್ಲಿ ಯಂತ್ರಗಳ ವಿಭಾಗದ ಮುಖ್ಯಸ್ಥರಾದ ರಿಕ್ ಆಸ್ಟರ್ಲೋ ಅವರನ್ನು ಇದೇ ವಿಷಯ ಕೇಳಿದರು. ಮನೆಗೆ ಬಂದವರಿಗೆ, ಇಲ್ಲೊಂದು ಕೇಳುವ ಯಂತ್ರವಿದೆಯೆಂದು ಮೊದಲೇ ಹೇಳಬೇಕಲ್ಲವೆ? ಇಂಥ ಯಂತ್ರಗಳನ್ನು ಲೋಕಕ್ಕೆ ಮಾರುವ ಆ ದೊಡ್ಡ ಮನುಷ್ಯರು, ತಾವು ಈ ದೃಷ್ಟಿಯಿಂದ ಯೋಚಿಸಿಯೇ ಇರಲಿಲ್ಲ ಎಂದರು. ಅನಂತರ ಕೊಂಚ ಆಲೋಚಿಸಿ, ಹೇಳುವುದು ಸರಿ, ತಮ್ಮ ಮನೆಗೆ ಬಂದವರಿಗೆ ತಾವು ಹೇಳುವುದುಂಟು ಎಂದರು.

ಪೋರ್ಟ್‌ಲ್ಯಾಂಡಿನ ಮನೆಯಾಕೆಗೆ, ಸಂದೇಶ ಕಳುಹಿಸುವ ಶಕ್ತಿಯೊಂದನ್ನು ಮಾತ್ರ ಯಂತ್ರದಿಂದ ತೆಗೆದು ಮಿಕ್ಕುದನ್ನು ಮೊದಲಿನಂತೆ ಉಳಿಸಿಕೊಡುವುದಾಗಿ ಕಂಪೆನಿಯವರು ಹೇಳಿದರಂತೆ. ಆಕೆ ಒಪ್ಪಲಿಲ್ಲ. ಇನ್ನು ಅದನ್ನು ನಂಬಲಾರೆ, ಮತ್ತೆ ಹಚ್ಚುವುದೂ ಇಲ್ಲ, ಹಣ ಹಿಂದಕ್ಕೆ ಕೊಡಿ ಎಂದು ಕೇಳಿದಳು.